ಬೇರೆಯವರ ವಾರ್ಡಿನಲ್ಲಿ ನನ್ನ ರೋಗಿ

ಕೋವಿಡ್ ಗಲಾಟೆ ತಣ್ಣಗಾಗಿ, ಜನ ಮತ್ತೆ ಮಾಸ್ಕ್ ಇಲ್ಲದೆ ಧಾರಾಳವಾಗಿ ಕೆಮ್ಮಲು ಶುರು ಮಾಡಿದ ಮೇಲಿನ ಮಳೆಗಾಲ ಅದು. ನಾನು ಆಗ ಭಟ್ಕಳದಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದ ಜನರಲ್ ಪ್ರಾಕ್ಟೀಷನರ್. ನನ್ನದು ಬರೀ ಓಪಿಡಿ, ಅಂದರೆ ಹೊರರೋಗಿಗಳ ಚಿಕಿತ್ಸೆ. ಬಂದರು, ತೋರಿಸಿದರು, ಮದ್ದು ತೆಗೆದುಕೊಂಡು ಮನೆಗೆ ಹೋದರು. ಮಲಗಿಸಿ ನೋಡಬೇಕಾದ ಕಾಯಿಲೆಯಾದರೆ ಚೀಟಿ ಬರೆದು ಆಸ್ಪತ್ರೆಗೆ ಕಳಿಸುತ್ತಿದ್ದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ಈ ವಿಷಯದಲ್ಲಿ ನನಗೂ ನನ್ನ ರೋಗಿಗಳಿಗೂ ಯಾವತ್ತೂ ತಕರಾರು. ನಮ್ಮ ಕಡೆ ಯಾರಾದರೂ ಆಸ್ಪತ್ರೆ ಸೇರಿದರೆ ನೋಡಲು ಹೋಗದವರು ಉಂಟೇ? ಎಳನೀರು, ಮೋಸಂಬಿ ಹಿಡಿದು ಕೇರಿಗೆ ಕೇರಿಯೇ ಟೆಂಪೊ ಹತ್ತುತ್ತದೆ. ವರ್ಷಗಟ್ಟಲೆ ಮದ್ದು ಕೊಟ್ಟ ಡಾಕ್ಟರು ಮಾತ್ರ ಬರುವುದಿಲ್ಲ ಎಂದರೆ ಅವರಿಗೆ ಸ್ವಂತ ಚಿಕ್ಕಮ್ಮ ಬಾರದಷ್ಟೇ ಬೇಜಾರು. 'ಡಾಕ್ಟ್ರಮ್ಮ ಒಂದ್ಸಲ ಮುಖ ತೋರ್ಸೂಕೂ ಬರ್ಲಿಲ್ಲ' ಎಂಬ ದೂರು ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಎಷ್ಟು ಸಲ ಹರಿದಾಡಿದೆಯೋ!

ನನ್ನ ವಾದವೂ ಸುಳ್ಳೇನಲ್ಲ. ವಾರ್ಡಿನಲ್ಲಿ ಮಲಗಿದ ರೋಗಿಯನ್ನು ಗಂಟೆಗಂಟೆಗೂ ನೋಡುವವರು ಅಲ್ಲಿಯ ಡಾಕ್ಟರು. ಇವತ್ತಿನ ರಕ್ತದ ವರದಿ, ಇವತ್ತಿನ ಉಸಿರಾಟ ಅವರಿಗೆ ಗೊತ್ತು. ಹೊರಗಿನಿಂದ ಹೋದ ನಾನು ಹುಬ್ಬು ಗಂಟಿಕ್ಕಿದರೂ ಸಾಕು, ಮನೆಯವರು 'ನಮ್ಮ ಡಾಕ್ಟ್ರಿಗೆ ಇದು ಸರಿ ಕಾಣ್ಲಿಲ್ಲ' ಎಂದು ಎದ್ದು ನಿಲ್ಲುತ್ತಾರೆ. ಒಬ್ಬ ರೋಗಿಗೆ ಇಬ್ಬರು ಯಜಮಾನರಾದರೆ ಕೆಡುವುದು ರೋಗಿಯ ಆರೋಗ್ಯವೇ. ಹೀಗೆಂದು ನಾನು ಕಿರಿಯ ಡಾಕ್ಟರುಗಳಿಗೆ ಭಾಷಣವನ್ನೂ ಬಿಗಿದಿದ್ದೆ.

ಆ ಮಳೆಗಾಲದಲ್ಲಿ ನನ್ನ ಭಾಷಣ ಮೂಲೆಗೆ ಹೋದದ್ದು ಮಾದೇವಿಯ ದೆಸೆಯಿಂದ.

ಮಾದೇವಿ ಭಟ್ಕಳದ ಹತ್ತಿರದ ಕಾಯ್ಕಿಣಿಯವಳು. ಒಂದು ಬೆಳೆ ಭತ್ತ, ಅದಾದ ಮೇಲೆ ಅದೇ ಗದ್ದೆಯಲ್ಲಿ ಹರಿವೆ, ಸೌತೆ, ಬದನೆ ಬೆಳೆದು ಮಾರುವ ಗಟ್ಟಿ ಹೆಂಗಸು. ವಯಸ್ಸು ಕೇಳಿದರೆ 'ನಿಮ್ದೆಷ್ಟೋ ಅಷ್ಟೇ ಬರ್ಕಣಿ' ಎನ್ನುತ್ತಿದ್ದಳು. ಭತ್ತದ ಸಸಿ ನೆಡುವಾಗಿನ ನೆಟ್ಟಿಯ ಹಾಡು ಶುರು ಮಾಡಿದರೆ ಗದ್ದೆ ಮುಗಿದರೂ ಅವಳ ಹಾಡು ಮುಗಿಯುವುದಿಲ್ಲ ಎಂದು ಅವಳ ಊರಿನವರೇ ತಮಾಷೆ ಮಾಡುತ್ತಿದ್ದರು. ಹತ್ತು ವರ್ಷಕ್ಕೂ ಮೇಲಿನಿಂದ ಸಕ್ಕರೆ ಕಾಯಿಲೆಗೆ ನನ್ನಲ್ಲೇ ಮದ್ದು. ನಮ್ಮಿಬ್ಬರ ಜಗಳವೆಲ್ಲ ಕವಳದ ಮೇಲೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ತುಂಬಿದ ಬಟ್ಟೆಯ ಚೀಲ ಅವಳ ಸೊಂಟ ಬಿಟ್ಟು ಇಳಿದದ್ದೇ ಇಲ್ಲ. ನಾನು ಬೈಯುವುದು, ಅವಳು ನಗುವುದು, ಪ್ರತಿ ಸಲವೂ ಇದೇ.

ಆ ವರ್ಷ ಅವಳು ಮಗಳ ಮನೆಗೆ ನೆಟ್ಟಿ ಕೆಲಸಕ್ಕೆಂದು ಕುಮಟಾ ಕಡೆ ಹೋಗಿದ್ದಳು. ಅಲ್ಲಿ ಜ್ವರ ಹಿಡಿಯಿತು. ಮೈಕೈ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ. ಮಗಳು ಲಕ್ಷ್ಮಿ ಕುಮಟಾದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದಳು. ರೋಗ ಲೆಪ್ಟೊಸ್ಪೈರೋಸಿಸ್ ಎಂದು ಗೊತ್ತಾಯಿತು. ನಮ್ಮಲ್ಲಿ ಇಲಿ ಜ್ವರ ಎನ್ನುತ್ತಾರೆ. ಇಲಿಯ ಮೂತ್ರ ಸೇರಿದ ಕೆಸರು ನೀರು ಕಾಲಿನ ಗಾಯಕ್ಕೆ ತಾಗಿ ಬರುವ ಈ ಜ್ವರ ಮೂತ್ರಪಿಂಡವನ್ನೇ ಹಿಡಿಯುತ್ತದೆ. ಮಾದೇವಿಗೂ ಹಿಡಿದಿತ್ತು. ಸರಿಯಾದ ಆಂಟಿಬಯಾಟಿಕ್ ಬಿದ್ದು ಜ್ವರ ಇಳಿಯಿತು ಎಂಬಲ್ಲಿಗೆ ನನಗೆ ಸುದ್ದಿ ಬಂದಿತ್ತು. ಗುಣವಾಗಿ ಬರುತ್ತಾಳೆ ಎಂದು ನಾನು ನನ್ನ ಪಾಡಿಗೆ ಇದ್ದೆ.

ಒಂದು ಶನಿವಾರ ಸಂಜೆ ಲಕ್ಷ್ಮಿಯ ಫೋನ್ ಬಂತು. ಅಳುತ್ತಿದ್ದಳೋ ಸಿಟ್ಟಿನಲ್ಲಿದ್ದಳೋ ಹೇಳುವುದು ಕಷ್ಟ.

"ಡಾಕ್ಟ್ರಮ್ಮ, ಅವ್ವಿಗೆ ದಿನಾ ಸಕ್ರೆ ಇಳಿದು ಬೆವ್ತು ತಲೆತಪ್ತದೆ. ಅಲ್ಲಿಯ ನರ್ಸ್ ಹುಡ್ಗಿ ಬಾಜೂ ಹಾಸ್ಗೆಯವ್ರ ಇನ್ಸುಲಿನ್ ಸೂಜಿ ಅವ್ವಿಗೆ ಚುಚ್ಚಿದ್ಲಂತೆ. ನೀವು ಬಂದು ಒಂದು ಮಾತು ಹೇಳ್ಬೇಕು. ನೀವು ಹೇಳಿದ್ರೆ ಅವ್ರು ಕೇಳ್ತ್ರು."

ನನ್ನನ್ನು ಕರೆಯುತ್ತಿದ್ದದ್ದು ಚಿಕಿತ್ಸೆಗಲ್ಲ, ಸಾಕ್ಷಿಗೆ. ನಾನು ಹೆದರುತ್ತಿದ್ದದ್ದೇ ಇದಕ್ಕೆ. ಹೋದರೆ ಹೊರಗಿನ ಡಾಕ್ಟರು ಬಂದು ಬೆಂಕಿಗೆ ತುಪ್ಪ ಸುರಿದಂತಾದೀತು. ಹೋಗದಿದ್ದರೆ, ನಿಜವಾಗಿ ತಪ್ಪು ಸೂಜಿ ಬೀಳುತ್ತಿದ್ದರೆ, ಮಾದೇವಿ ಉಳಿಯುವುದಿಲ್ಲ. ಸಕ್ಕರೆ ತೀರ ಇಳಿದರೆ ಮೆದುಳು ಹೆಚ್ಚು ಹೊತ್ತು ತಡೆಯುವುದಿಲ್ಲ. ಕ್ಲಿನಿಕ್ಕಿಗೆ ಮಾರನೇ ದಿನ ಹೇಗೂ ರಜೆ. ಭಾನುವಾರ ಬೆಳಿಗ್ಗೆ ಹೆದ್ದಾರಿ ಅಗಲ ಮಾಡುವ ಕೆಲಸದ ಹೊಂಡಗಳಿಗೆ ಶಾಪ ಹಾಕುತ್ತ, ಹೊನ್ನಾವರ ದಾಟಿ ಕುಮಟಾಕ್ಕೆ ಕಾರು ಓಡಿಸಿದೆ.

ನೇರ ವಾರ್ಡಿಗೆ ನುಗ್ಗಲಿಲ್ಲ. ಅಷ್ಟು ಮರ್ಯಾದೆ ನನಗೆ ಗೊತ್ತು. ಮೊದಲು ಅಲ್ಲಿಯ ಫಿಸಿಶಿಯನ್ ಡಾಕ್ಟರ್ ಸಮೀರ್ ಅವರ ಕೋಣೆಯ ಬಾಗಿಲು ತಟ್ಟಿದೆ. ಇನ್ನೂ ನಲವತ್ತು ಆಗದ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ನಾನು ಯಾರು, ಯಾಕೆ ಬಂದೆ ಎಂದು ಹೇಳಿದಾಗ ಮುಖ ಬಿಗಿಯಾಯಿತು. ನಾನವರ ಜಾಗದಲ್ಲಿದ್ದರೆ ನನ್ನ ಮುಖವೂ ಹಾಗೇ ಆಗುತ್ತಿತ್ತು.

"ಮೇಡಂ, ನೀವು ಬಂದದ್ದು ಒಳ್ಳೇದಾಯ್ತೋ ಕೆಟ್ಟದಾಯ್ತೋ ನನಗೆ ಗೊತ್ತಿಲ್ಲ" ಎಂದರು. "ಆದ್ರೆ ನನಗೂ ಇದು ಬಗೆಹರೀತಾ ಇಲ್ಲ. ನೋಡಿ."

ಕೇಸ್ ಶೀಟ್ ನನ್ನ ಕಡೆ ತಿರುಗಿಸಿದರು. ಚಿಕಿತ್ಸೆಯಲ್ಲಿ ಬೆರಳಿಡುವಂಥದ್ದು ಏನೂ ಇರಲಿಲ್ಲ. ಸೇರಿದ ದಿನವೇ ನಾನು ಕೊಡುತ್ತಿದ್ದ ಸಕ್ಕರೆ ಮಾತ್ರೆ ಗ್ಲಿಮಿಪಿರೈಡ್ ನಿಲ್ಲಿಸಿದ್ದರು. ಇದು ಪ್ಯಾಂಕ್ರಿಯಾಸ್ ಎಂಬ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಮೂತ್ರಪಿಂಡ ಸೋತಾಗ ಮೈಯಿಂದ ಬೇಗ ಹೊರಹೋಗದೆ ಸಕ್ಕರೆಯನ್ನು ತೀರ ಇಳಿಸಿಬಿಡುತ್ತದೆ. ಆದ್ದರಿಂದ ಶುರುವಿನಲ್ಲಿ ಸಕ್ಕರೆ ಇಳಿದಾಗ ಹಳೆಯ ಮಾತ್ರೆಯದೇ ಉಳಿಕೆ ಎಂದು ಅವರು ಗಾಬರಿಯಾಗಿರಲಿಲ್ಲ. ಆದರೆ ಅಷ್ಟು ದಿನ ಯಾವ ಮಾತ್ರೆಯ ಉಳಿಕೆಯೂ ನಿಲ್ಲುವುದಿಲ್ಲ. ದಿನವೂ ಬೆಳಗಿನ ಹೊತ್ತು ಏರುವಾಗ ಬೆವರು, ನಡುಕ, ತೊದಲು. ಒಮ್ಮೆ ಸಕ್ಕರೆ ನಲವತ್ತೆರಡಕ್ಕೆ ಇಳಿದಿತ್ತು. ಎಪ್ಪತ್ತರ ಕೆಳಗೆ ಇಳಿದರೇ ನಾವು ಹೈಪೊಗ್ಲೈಸೀಮಿಯಾ, ಅಂದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದೆ ಎನ್ನುತ್ತೇವೆ.

ಆ ವಾರ ಬೆಳಗಿನ ಪಾಳಿಯಲ್ಲಿದ್ದವಳು ಲವೀನಾ, ಹೊನ್ನಾವರ ಕಡೆಯ ಎಳೆಯ ನರ್ಸ್. ಪಕ್ಕದ ಹಾಸಿಗೆಯ ರೋಗಿಗೆ ಬೆಳಿಗ್ಗೆ ಇನ್ಸುಲಿನ್ ಕೊಡುತ್ತಿದ್ದವಳೂ ಅವಳೇ. ಯಾರೋ ಆ ಎರಡನ್ನೂ ಸೇರಿಸಿದರು. ಮಾತು ಮೊದಲು ಕಾರಿಡಾರಿನಲ್ಲಿ ಹುಟ್ಟಿ, ಆಮೇಲೆ ಆಡಳಿತದವರ ಕಿವಿಗೆ ಬಿದ್ದು, ಲಕ್ಷ್ಮಿಯ ನೆಂಟರ ಬಾಯಲ್ಲಿ ಪೊಲೀಸ್ ದೂರಿನವರೆಗೆ ಬೆಳೆದಿತ್ತು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಶನಿವಾರ ಅವಳನ್ನು ಮನೆಗೆ ಕಳಿಸಿದ್ದರು.

"ಇವತ್ತು ಅವಳಿಲ್ಲ, ಇವತ್ತು ಸಕ್ಕರೆ ಇಳಿದಿಲ್ಲ. ಜನಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ" ಎಂದರು ಸಮೀರ್.

"ನೀವು ನಿನ್ನೆಯಿಂದ ಡ್ರಿಪ್ ಬದಲಾಯಿಸಿದ್ದೀರಲ್ಲ, ಮೊದಲಿನದಕ್ಕಿಂತ ಗಟ್ಟಿ ಗ್ಲೂಕೋಸ್. ಇಳಿಯದೇ ಇರಲು ಅದೂ ಕಾರಣ ಇರಬಹುದು" ಎಂದೆ.

"ಇರಬಹುದು ಅಂತ ನಾನು ಹೇಳಿದ್ರೆ ನಮ್ಮ ನರ್ಸ್‌ನ ಬಚಾವ್ ಮಾಡ್ತಿದ್ದೇನೆ ಅಂತಾರೆ ಮೇಡಂ." ರಕ್ತದ ಮಾದರಿಯನ್ನು ಹೊರಗಿನ ಲ್ಯಾಬಿಗೆ ಕಳಿಸಿದ್ದರು. ಇನ್ಸುಲಿನ್ ಹೊರಗಿನಿಂದ ಬಂದದ್ದೋ ಮೈಯೊಳಗಿನದೋ ಆ ಪರೀಕ್ಷೆ ಹೇಳುತ್ತದೆ, ವರದಿ ಬರಲು ಮಾತ್ರ ಇನ್ನೂ ಕೆಲವು ದಿನ. ಅಷ್ಟರಲ್ಲಿ ಊರೆಲ್ಲ ತೀರ್ಪು ಕೊಟ್ಟಾಗಿರುತ್ತದೆ.

ವಾರ್ಡಿನ ಹೊರಗೆ ಲಕ್ಷ್ಮಿಯ ಗಂಡನ ಮನೆಯ ಕಡೆಯವರು ಗುಂಪುಗೂಡಿದ್ದರು. ನನ್ನನ್ನು ಕಂಡು 'ನಮ್ಮ ಡಾಕ್ಟ್ರು ಬಂದ್ರು' ಎಂದು ದಾರಿ ಬಿಟ್ಟರು. ಆ 'ನಮ್ಮ' ಎಂಬ ಮಾತು ಕೇಳಿ ನನಗೆ ಆ ದಿನ ಖುಷಿಯಾಗಲಿಲ್ಲ. ಎಲ್ಲರನ್ನೂ ಹೊರಗೇ ಇರಿ ಎಂದು ಹೇಳಿ, ಸಮೀರ್ ಅವರನ್ನು ಕೇಳಿಕೊಂಡು, ಒಬ್ಬಳೇ ಮಾದೇವಿಯ ಹಾಸಿಗೆಯ ಬಳಿ ಸ್ಟೂಲ್ ಎಳೆದು ಕೂತೆ.

ಮೈ ಇಳಿದಿತ್ತು, ಮುಖ ಊದಿತ್ತು. ಕಣ್ಣು ಮಾತ್ರ ಹಳೆಯದೇ. ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

"ಬಂದ್ರಲಾ. ನಾ ಹೇಳಿದ್ದೆ ಎಲ್ರಿಗೂ, ನಮ್ಮ ಡಾಕ್ಟ್ರಮ್ಮ ಬರ್ದೆ ಇರೂದಿಲ್ಲ ಅಂತ."

ನನಗೆ ನಾಚಿಕೆಯಾಯಿತು. ಮಾತು ಹಗುರ ಮಾಡಲು ನಮ್ಮ ಹಳೆಯ ಜಗಳವನ್ನೇ ತೆಗೆದೆ. "ಆಸ್ಪತ್ರೆಗೆ ಬಂದಾದ್ರೂ ಕವಳ ಬಿಟ್ಯೇನೆ ಮಾದೇವಿ?"

"ಬಿಟ್ಟೆ ಅಲಾ! ಬಾಯಿಗೇ ಸೇರೂದಿಲ್ಲ" ಎಂದಳು. ಆಮೇಲೆ ದನಿ ತಗ್ಗಿಸಿ, ಶಾಲೆಯ ಮಕ್ಕಳು ಲೆಕ್ಕ ಮಾಡಿ ತೋರಿಸುವ ಹೆಮ್ಮೆಯಲ್ಲಿ ಹೇಳಿದಳು: "ಕವಳ ಬಿಟ್ರೂ ನಿಮ್ಮ ಮಾತ್ರೆ ಮಾತ್ರ ಒಂದ್ ದಿವ್ಸಾನೂ ಬಿಡ್ಲಿಲ್ಲ, ಕಾಣಿ."

"ಯಾವ ಮಾತ್ರೆ?"

ತಲೆದಿಂಬಿನ ಕೆಳಗಿನಿಂದ ಕವಳದ ಚೀಲ ತೆಗೆದಳು. ಒಣಗಿದ ಅಡಿಕೆ, ಸುಣ್ಣದ ಡಬ್ಬಿಯ ನಡುವೆ ಗ್ಲಿಮಿಪಿರೈಡ್ ಸ್ಟ್ರಿಪ್. ಹೆಚ್ಚು ಕಡಿಮೆ ಖಾಲಿ.

ಆಸ್ಪತ್ರೆಯವರು ಸೇರಿಸಿಕೊಳ್ಳುವಾಗಲೇ ಮನೆಯ ಮಾತ್ರೆಗಳನ್ನೆಲ್ಲ ಕೇಳಿ ಪಡೆದಿದ್ದರು. ಲಕ್ಷ್ಮಿ ಡಬ್ಬಿಯಲ್ಲಿದ್ದದ್ದನ್ನು ಪೂರ್ತಿ ಕೊಟ್ಟಿದ್ದಳು. ಊರಿನಿಂದ ಹೊರಡುವಾಗ ಅಮ್ಮ ಒಂದು ಸ್ಟ್ರಿಪ್ ಕವಳದ ಚೀಲಕ್ಕೆ ಹಾಕಿಕೊಂಡದ್ದು ಅವಳಿಗೂ ಗೊತ್ತಿರಲಿಲ್ಲ. ಮುದುಕಿಯರ ಕವಳದ ಚೀಲಕ್ಕೆ ನಮ್ಮ ಕಡೆ ಮೊಮ್ಮಕ್ಕಳೂ ಕೈ ಹಾಕುವುದಿಲ್ಲ, ಇನ್ನು ನರ್ಸುಗಳು ಹಾಕುತ್ತಾರೆಯೇ? ಬೆಳಿಗ್ಗೆ ಮಗಳು ಚಹಾ ತರಲು ಕೆಳಗೆ ಹೋದಾಗ ಒಂದು ಮಾತ್ರೆ. ಅದಾಗಿ ಸ್ವಲ್ಪ ಹೊತ್ತಿಗೆ ಬೆವರು. ಆ ಹೊತ್ತಿಗೆ ಲವೀನಾ ಪಾಳಿಯಲ್ಲಿ ಇರುತ್ತಿದ್ದಳು, ಅಷ್ಟೇ.

"ಸಕ್ಕರೆ ಮಾತ್ರೆ ನಿಲ್ಲಿಸಿದ್ದೇವೆ ಅಂತ ಇಲ್ಲಿಯ ಡಾಕ್ಟರು ಹೇಳ್ಲಿಲ್ವಾ?"

"ಮಗ್ಳ ಹತ್ರ ಎಂತದೋ ಹೇಳ್ತಿದ್ರಪ್ಪ. ನಂಗೆ ಜ್ವರ. ಅವ್ರು ಹೇಳಿದ್ರೂ ನೀವು ಬಿಡು ಅಂದಿರ್ಲಿಲ್ಲಲಾ?"

"ನಾನು ಅಂದಿರಲಿಲ್ಲ..."

"ಹೌದು. ನೆರೆಮನೆಯವ್ಳ ಮಾತು ಕೇಳಿ ಒಂದ್ಸಲ ಮಾತ್ರೆ ಬಿಟ್ಟಿದ್ದೆ, ನೀವು ಬೈದಿದ್ದು ನೆನಪಿದ್ಯಾ? ಯಾರು ಎಂತ ಹೇಳಿದ್ರೂ ಬಿಡೂಕಿಲ್ಲ ಅಂದ್ರಿ. ಅದ್ಕೇ ಬಿಡ್ಲಿಲ್ಲ."

ನೆನಪಿತ್ತು. ಸಕ್ಕರೆ ಕಾಯಿಲೆಯ ರೋಗಿಗಳಿಗೆ ಆ ಮಾತು ಹೇಳದ ಡಾಕ್ಟರಿಲ್ಲ. ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ಗೇಟು ದಾಟುವ ಮೊದಲೇ ಮರೆಯುತ್ತಾರೆ. ಮಾದೇವಿ ಮರೆತಿರಲಿಲ್ಲ.

"ಇಲ್ಲಿಯವರಿಗೆ ಯಾಕೆ ಹೇಳ್ಲಿಲ್ಲ?"

"ಹೇಳೂಕಾಗ್ತದ್ಯಾ? ಅಷ್ಟು ಚೆಂದ ಮಾಡಿ ನೋಡ್ತ್ರು. ಅವ್ರ ಮದ್ದು ತಕಂಡೂ ನಿಮ್ಮದು ತಕಂತೆ ಅಂದ್ರೆ ಅವ್ರಿಗೆ ಬೇಜಾರಾಗೂದಿಲ್ವಾ?"

ಯಾರಿಗೂ ಬೇಜಾರಾಗಬಾರದು! ನನಗೂ ಆಗಬಾರದು, ಸಮೀರ್ ಅವರಿಗೂ ಆಗಬಾರದು. ಇಬ್ಬರು ಡಾಕ್ಟರುಗಳ ಮರ್ಯಾದೆ ಕಾಯಲು ಈ ಹೆಂಗಸು ದಿನಾ ಸಾವಿನ ಬಾಗಿಲವರೆಗೆ ಹೋಗಿ ಬರುತ್ತಿದ್ದಳು. ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅಳುವೇ ಬಂತು. ಕನ್ನಡಕ ಒರೆಸುವ ನೆಪದಲ್ಲಿ ಮುಖ ತಿರುಗಿಸಿದೆ.

ಸ್ಟ್ರಿಪ್ ಕೈಗೆ ತೆಗೆದುಕೊಂಡು, ಪ್ರತಿ ಮಾತನ್ನೂ ಬಿಡಿಸಿ ಹೇಳಿದೆ. "ಮಾದೇವಿ, ಈ ಮಾತ್ರೆ ಬಿಡು ಅಂತ ನಾನೇ ಹೇಳ್ತಿದ್ದೇನೆ. ನಿನಗೆ ಸಕ್ಕರೆ ಇಳಿಯುತ್ತಿದ್ದದ್ದು ಇದರಿಂದ. ಇನ್ನು ಈ ಡಾಕ್ಟರು ಕೊಟ್ಟದ್ದನ್ನು ಮಾತ್ರ ತಗೊಳ್ಳಬೇಕು."

"ಆತು" ಎಂದಳು. ಅಷ್ಟೇ. ಒಂದು ಪ್ರಶ್ನೆ ಕೇಳಲಿಲ್ಲ.

ಆಮೇಲೆ ಅವಳ ಮುಖ ನಿಧಾನಕ್ಕೆ ಬಾಡಿತು. "ಹಂಗಾದ್ರೆ ಆ ನರ್ಸ್ ಹುಡ್ಗಿ?" ಎಂದಳು. ಹೊರಗಿನ ಗಲಾಟೆ ಅವಳ ಕಿವಿಗೂ ಬಿದ್ದಿತ್ತು. "ನನ್ನ ತಲೆ ಬಾಚಿ ಜಡೆ ಹಾಕೂಳು ಅದೇ. ಪಾಪದ್ದು. ನನ್ನಿಂದ ಅದ್ಕೆ ಕೆಲ್ಸ ಹೋತಾ?"

ಕೆಲಸ ಇನ್ನೂ ಹೋಗಿಲ್ಲ, ಹೋಗದ ಹಾಗೆ ನಾನು ಹೇಳುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. ನಾನೇ ಹೇಳುತ್ತೇನೆ, ಎಲ್ಲರನ್ನೂ ಕರೆಯಿರಿ ಎಂದು ಹಟ ಹಿಡಿದಳು. ಲಕ್ಷ್ಮಿ, ಹೊರಗಿದ್ದ ನೆಂಟರು, ಸಮೀರ್ ಎಲ್ಲರೂ ಹಾಸಿಗೆಯ ಸುತ್ತ ನಿಂತರು. ಮಾದೇವಿ ದಿಂಬಿಗೆ ಒರಗಿ, ಗದ್ದೆಯ ಬದುವಿನಲ್ಲಿ ನಿಂತು ಕೂಗಿ ರೂಢಿಯಾದ ಆ ಗಂಟಲಿನಲ್ಲಿ, ಒಂದನ್ನೂ ಮುಚ್ಚಿಡದೆ ಹೇಳಿದಳು. ಲಕ್ಷ್ಮಿ 'ಅವ್ವೀ, ಎಂತ ಮಾಡ್ಕಂಡ್ಯೇ' ಎಂದು ಬೈಯಲು ಶುರು ಮಾಡಿ ಅರ್ಧಕ್ಕೇ ಅತ್ತಳು. ದೂರು ಕೊಡುತ್ತೇವೆ ಎಂದು ಕುದಿಯುತ್ತಿದ್ದ ನೆಂಟರು, ಮನೆಯಲ್ಲಿ ದನಕ್ಕೆ ನೀರು ಕೊಡುವ ಹೊತ್ತಾಯಿತು ಎನ್ನುತ್ತ ಒಬ್ಬೊಬ್ಬರಾಗಿ ಮೆಟ್ಟಿಲು ಇಳಿದರು.

ಸಮೀರ್ ಲವೀನಾಳಿಗೆ ತಾವೇ ಫೋನ್ ಮಾಡಿದರು. ಅವಳು ಬರುವವರೆಗೆ ಅವರ ಕೋಣೆಯಲ್ಲಿ ಚಹಾ ಕುಡಿದೆವು. ಬೆಳಗಿನ ಬಿಗಿ ಮುಖ ಸಡಿಲಾಗಿತ್ತು.

"ನಮ್ಮದೂ ತಪ್ಪಿದೆ ಮೇಡಂ. ಎಲ್ಲವನ್ನೂ ಮಗಳಿಗೆ ಹೇಳಿದ್ವಿ, ಅವರಿಗೆ ಹೇಳಲಿಲ್ಲ. ಆದ್ರೆ ಹೇಳಿದ್ದರೂ ಬಿಡ್ತಿರಲಿಲ್ಲ, ಅಲ್ವಾ?"

"ಬಿಡ್ತಿರಲಿಲ್ಲ" ಎಂದೆ.

"ಹಾಗಾದ್ರೆ ನೀವೆಲ್ಲ ದಿನಾ ಬಂದು ನಿಮ್ಮ ನಿಮ್ಮ ರೋಗಿಗಳನ್ನ ನೋಡ್ಬೇಕು ಅಂತೀರಾ?"

ಕೇಳಿದ್ದು ನ್ಯಾಯವಾಗಿಯೇ ಇತ್ತು. ಭಟ್ಕಳದಲ್ಲಿ ಬೆಂಚು ತುಂಬ ಜನ ಕೂರಿಸಿಟ್ಟು ನಾನು ದಿನಾ ಕುಮಟಾಕ್ಕೆ ಬರಲಾಗುವುದಿಲ್ಲ. ಬಂದರೂ ಡ್ರಿಪ್ಪಿಗೂ ಇಂಜೆಕ್ಷನ್ನಿಗೂ ನಾನು ಕೈ ಹಾಕಿದರೆ ಅನಾಹುತವೇ. ಇಲಿ ಜ್ವರದ ಮೂತ್ರಪಿಂಡವನ್ನು ಸಮೀರ್ ನನಗಿಂತ ಚೆನ್ನಾಗಿ ನೋಡಿದ್ದರು, ಅದರಲ್ಲಿ ಎರಡು ಮಾತಿಲ್ಲ. "ಚಿಕಿತ್ಸೆ ನಿಮ್ಮದೇ" ಎಂದೆ. "ಆದರೆ ನಾನು ಶುರು ಮಾಡಿದ್ದನ್ನು ನಿಲ್ಲಿಸುವಾಗ ನನ್ನ ದನಿ ಅವರಿಗೆ ಕೇಳಬೇಕು. ಬರಲಾಗದಿದ್ದರೆ ಫೋನಿನಲ್ಲಾದರೂ." ಅವರು ತಲೆಯಾಡಿಸಿ, ತಮ್ಮ ನಂಬರು ಕೊಟ್ಟರು.

ಮಧ್ಯಾಹ್ನದ ಬಸ್ಸಿಗೆ ಲವೀನಾ ಬಂದಳು. ಸಣಕಲು ಹುಡುಗಿ, ಕೊಡೆ ಮಡಿಸಲೂ ಮರೆತು ನೀರು ಸುರಿಸುತ್ತ ಒಳಗೆ ಬಂದಳು. ಮಾದೇವಿ ಅವಳ ಎರಡೂ ಕೈ ಹಿಡಿದು "ತಪ್ಪಾತು ಮಗಾ, ನನ್ನದೇ ತಪ್ಪು" ಎಂದಳು. ಲವೀನಾ ಅಭ್ಯಾಸಬಲದಿಂದ ನಾಡಿ ಹಿಡಿದು ನೋಡಿದಳು, ಹೊದಿಕೆ ಸರಿ ಮಾಡಿದಳು.

ನಾನು ಹೊರಟಾಗ ಕಾರಿನವರೆಗೆ ಬಂದಳು. ಮಳೆ ಸ್ವಲ್ಪ ಬಿಟ್ಟಿತ್ತು. ಇನ್ನು ಯೋಚನೆ ಬೇಡಮ್ಮ, ನಿನ್ನ ಕೈಯಲ್ಲಿ ತಪ್ಪೇನೂ ಆಗಿಲ್ಲ ಎಂದು ಅವಳ ಬೆನ್ನು ಸವರಿದೆ. ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

"ನಂಗೆ ಗೊತ್ತಿರಲಿಲ್ಲ ಮೇಡಂ" ಎಂದಳು.

"ಏನು ಗೊತ್ತಿರಲಿಲ್ಲ?"

"ನಾನು ಕೊಡಲಿಲ್ಲ ಅಂತ. ಎಲ್ಲರೂ ಕೊಟ್ಟೆ ಕೊಟ್ಟೆ ಅಂತ ಹೇಳಿ ಹೇಳಿ, ನಾನೇ ಮರೆತು ಚುಚ್ಚಿದೆನೋ ಏನೋ ಅಂತ ಅನಿಸೂಕೆ ಶುರುವಾಗಿತ್ತು. ಒಪ್ಕೊಂಡು ಕ್ಷಮೆ ಕೇಳು, ಮುಗ್ದು ಹೋಗ್ತದೆ ಅಂತ ಮನೇಲೂ ಹೇಳಿದ್ರು. ನಾಳೆ ಬಂದು ಹೌದು, ನಾನೇ ಕೊಟ್ಟದ್ದು ಅಂತ ಬರೆದು ಕೊಡೂದು ಅಂತ ಮಾಡಿದ್ದೆ."

ಅವಳು ಬರೆದು ಕೊಟ್ಟಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ನೆಂಟರಿಗೆ ನ್ಯಾಯ ಸಿಕ್ಕಂತೆ, ಆಸ್ಪತ್ರೆಗೆ ಪೀಡೆ ತೊಲಗಿದಂತೆ. ವಾರ್ಡಿನಲ್ಲಿ ಮಾದೇವಿ ಮಾತ್ರ ಮರುದಿನ ಬೆಳಿಗ್ಗೆ ಮಗಳು ಚಹಾ ತರಲು ಹೋದಾಗ ಇನ್ನೊಂದು ಮಾತ್ರೆ ನುಂಗುತ್ತಿದ್ದಳು.

ಮಾದೇವಿ ಪೂರ್ತಿ ಗುಣವಾಗಿ ಊರಿಗೆ ಬಂದಳು. ಲ್ಯಾಬಿನ ವರದಿಯೂ ಆಮೇಲೆ ಅದನ್ನೇ ಹೇಳಿತು: ಅವಳ ರಕ್ತದಲ್ಲಿದ್ದದ್ದು ಮೈಯೊಳಗಿನ ಇನ್ಸುಲಿನ್ನೇ, ಹೊರಗಿನಿಂದ ಚುಚ್ಚಿದ್ದಲ್ಲ. ಲವೀನಾ ಅದೇ ಆಸ್ಪತ್ರೆಯಲ್ಲಿ ಮುಂದುವರಿದಳು.

ಹೊರರೋಗಿ ಡಾಕ್ಟರು ವಾರ್ಡಿಗೆ ಹೋಗಬೇಕೇ ಎಂಬ ಚರ್ಚೆ ನಮ್ಮ ಡಾಕ್ಟರುಗಳು ಸೇರಿದಲ್ಲಿ ಈಗಲೂ ಏಳುತ್ತದೆ. ಹೊತ್ತಿಲ್ಲ ಎನ್ನುತ್ತಾರೆ, ಜವಾಬ್ದಾರಿ ಯಾರದೆಂದು ಗೊಂದಲವಾಗುತ್ತದೆ ಎನ್ನುತ್ತಾರೆ. ಎರಡೂ ನಿಜ, ನಾನೇ ಹೇಳುತ್ತಿದ್ದ ಮಾತುಗಳು. ಆದರೆ ನನ್ನ ರೋಗಿ ಯಾವ ಊರಿನ ಆಸ್ಪತ್ರೆ ಸೇರಿದ ಸುದ್ದಿ ಬಂದರೂ ನಾನೀಗ ಅದೇ ದಿನ ಅಲ್ಲಿಯ ಡಾಕ್ಟರಿಗೆ ಫೋನ್ ಮಾಡುತ್ತೇನೆ, ಆಗುವುದಾದರೆ ಹೋಗಿಯೇ ಬರುತ್ತೇನೆ. ಮದ್ದಿನ ವಿಷಯಕ್ಕೆ ತಲೆ ಹಾಕುವುದಿಲ್ಲ. ರೋಗಿಯ ಪಕ್ಕ ಕೂತು, ಇನ್ನು ಇವರೇ ನಿನ್ನ ಡಾಕ್ಟರು, ಇವರು ಬಿಡು ಅಂದದ್ದನ್ನು ನಾನೇ ಬಿಡು ಅಂದೆ ಅಂತ ತಿಳಿ ಎಂದು ಹೇಳುತ್ತೇನೆ. ಆ ಒಂದು ಮಾತು ಹೇಳುವವರಿಲ್ಲದೆ ಮಾದೇವಿ ಸಾಯುವುದರಲ್ಲಿದ್ದಳು, ಲವೀನಾ ಮಾಡದ ತಪ್ಪನ್ನು ಒಪ್ಪಿಕೊಳ್ಳುವುದರಲ್ಲಿದ್ದಳು.